ಗಾಜಿನ ಮೇಲಿನ ಉಸಿರು: ಪ್ರೋಟಿಯಸ್

ಕೇಳುಗರಿಗೆ ನಮಸ್ಕಾರ.

ಜ್ವರ ಬಿಡದೆ ವಿಡಾಲ್ ಪರೀಕ್ಷೆ ಮಾಡಿಸಿದವರು ವರದಿಯಲ್ಲಿ ‘ಓ’ ಮತ್ತು ‘ಎಚ್’ ಎಂಬ ಅಕ್ಷರಗಳನ್ನು ನೋಡಿರುತ್ತಾರೆ. ಪರೀಕ್ಷೆ ಟೈಫಾಯ್ಡಿನದಾದರೂ ಆ ಅಕ್ಷರಗಳು ಹುಟ್ಟಿದ್ದು ನಮ್ಮ ಕರುಳಿನಲ್ಲಿಯೂ ಮಣ್ಣಿನಲ್ಲಿಯೂ ವಾಸಿಸುವ ದಂಡಾಕಾರದ ಇನ್ನೊಂದು ಬ್ಯಾಕ್ಟೀರಿಯಾ ಕುಲದಿಂದ. ಅದರ ಹೆಸರು ಪ್ರೋಟಿಯಸ್.

1885ರಲ್ಲಿ ಜರ್ಮನಿಯ ಗುಸ್ತಾವ್ ಹೌಸರ್ ಕೊಳೆತ ಮಾಂಸದಲ್ಲಿ ಕಂಡ ಈ ಜೀವಿಗೆ, ಬೇಕೆಂದಾಗ ರೂಪ ಬದಲಿಸುತ್ತಿದ್ದ ಗ್ರೀಕ್ ಕಡಲದೇವತೆಯ ಹೆಸರನ್ನಿಟ್ಟರು. ದ್ರವದಲ್ಲಿ ಮೋಟು ಕಡ್ಡಿಯಂತಿರುವ ಇದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಗಟ್ಟಿ ಮೈ ಸೋಕಿದಾಗ ಎರಡಾಗಿ ಒಡೆಯುವುದನ್ನು ಬಿಟ್ಟು, ಹತ್ತು ಪಟ್ಟಿಗೂ ಮಿಕ್ಕಿ ಉದ್ದವಾಗಿ, ಮೈತುಂಬ ಕಶಾಂಗಗಳನ್ನು, ಅಂದರೆ ಚಲಿಸಲು ನೆರವಾಗುವ ಬಾಲದಂಥ ಎಳೆಗಳನ್ನು, ಹೊತ್ತು, ಹಿಂಡುಹಿಂಡಾಗಿ ಹರಿಯುತ್ತದೆ. ಸ್ವಲ್ಪ ದೂರ ಸಾಗಿ, ನಿಂತು, ಮೋಟಾಗಿ, ಮತ್ತೆ ಹೊರಡುವುದರಿಂದ ಬೆಳಗಾಗುವಷ್ಟರಲ್ಲಿ ತಟ್ಟೆಯ ಮೇಲೆ ಮರದ ದಿಮ್ಮಿ ಕೊಯ್ದಾಗ ಕಾಣುವಂಥ ಉಂಗುರಗಳು ಮೂಡಿರುತ್ತವೆ. ಅದೇ ತಟ್ಟೆಯಲ್ಲಿ ಬೆಳೆಯಬೇಕಾದ ಬೇರೆ ಬ್ಯಾಕ್ಟೀರಿಯಾಗಳನ್ನೂ ಇದು ಮುಚ್ಚಿಬಿಡುತ್ತದೆ. ಲ್ಯಾಬಿನವರಿಗೆ ಇದರ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ.

ಮೊದಲ ಮಹಾಯುದ್ಧದ ವರ್ಷಗಳಲ್ಲಿ ಇದನ್ನು ಅಭ್ಯಾಸ ಮಾಡಿದ ಎಡ್ಮಂಡ್ ವೈಲ್ ಮತ್ತು ಆರ್ಥರ್ ಫೆಲಿಕ್ಸ್, ಹಾಗೆ ಹರಡುವ ತೆಳುಪೊರೆಯನ್ನು ಗಾಜಿನ ಮೇಲೆ ಊದಿದ ಉಸಿರಿಗೆ ಹೋಲಿಸಿ, ಜರ್ಮನ್ ಭಾಷೆಯಲ್ಲಿ ‘ಹೌಖ್’ ಎಂದರು. ಪೊರೆ ಕಟ್ಟದ ತಳಿ ‘ಓನೆ ಹೌಖ್’, ಅಂದರೆ ಉಸಿರಿಲ್ಲದ್ದು. ಹೀಗೆ ಕಶಾಂಗದ ಪ್ರತಿಜನಕ, ಅಂದರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಗುರುತು ಹಿಡಿಯುವ ಅಂಶ, ಎಚ್ ಆಯಿತು, ಮೈಯ ಹೊರಪದರದ್ದು ಓ ಆಯಿತು.

ಕರುಳಿನಲ್ಲಿರುವಷ್ಟು ಕಾಲ ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ತೊಂದರೆ ಮೂತ್ರಮಾರ್ಗದಲ್ಲಿ, ಅದರಲ್ಲೂ ಬಹಳ ದಿನ ಕ್ಯಾತಿಟರ್, ಅಂದರೆ ಮೂತ್ರ ಹೊರಹರಿಸುವ ನಳಿಕೆ, ಹಾಕಿಸಿಕೊಂಡು ಮಲಗಿರುವವರಲ್ಲಿ. ತಟ್ಟೆಯ ಮೇಲೆ ಹರಿದಂತೆಯೇ ಈ ಕುಲದ ಪ್ರೋಟಿಯಸ್ ಮಿರಾಬಿಲಿಸ್ ಎಂಬ ಪ್ರಭೇದ ನಳಿಕೆಯ ಮೈಯನ್ನು ಹಿಡಿದು ಮೂತ್ರಕೋಶಕ್ಕೆ ಏರುತ್ತದೆ. ಅಲ್ಲಿ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರೀಯವಾಗಿ, ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಕೂಡಿ ಹರಳುಗಟ್ಟುತ್ತವೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಗಸಿ ಕಟ್ಟುವಂತೆ ನಳಿಕೆಯೊಳಗೆ ಗಸಿ ಕಟ್ಟಿ, ಹರಿವು ನಿಂತು, ಮೂತ್ರ ಮೇಲಕ್ಕೆ ಒತ್ತುತ್ತದೆ. ಮೂತ್ರಪಿಂಡದಲ್ಲಾದರೆ ಈ ಹರಳುಗಳೇ ಜಿಂಕೆಯ ಕೊಂಬಿನಂತೆ ಕವಲೊಡೆದ ಕಲ್ಲಾಗಿ ಬೆಳೆಯಬಲ್ಲವು.

ಕಲ್ಲಿನ ಒಳಗೇ ಬ್ಯಾಕ್ಟೀರಿಯಾ ಹುದುಗಿರುವುದರಿಂದ ಆಂಟಿಬಯಾಟಿಕ್ ಅದನ್ನು ಪೂರ್ತಿಯಾಗಿ ಮುಟ್ಟಲಾರದು, ಕಲ್ಲನ್ನೇ ತೆಗೆಯಬೇಕಾಗುತ್ತದೆ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಬರೆಯುವ ನೈಟ್ರೋಫ್ಯುರಂಟಾಯಿನ್ ಮಾತ್ರೆಗೆ ಪ್ರೋಟಿಯಸ್ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಹಾಗಾಗಿ ಕ್ಯಾತಿಟರ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದರೆ, ಹಿಂದಿನ ಸಲದ ಮಾತ್ರೆಯನ್ನೇ ತರಿಸಿ ನುಂಗುವ ಬದಲು, ವೈದ್ಯರಲ್ಲಿ ಮೂತ್ರದ ಕಲ್ಚರ್ ಪರೀಕ್ಷೆಯ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯ, ಬಗ್ಗೆ ಕೇಳುವುದು ಸರಿ.

ನಮಸ್ಕಾರ.