ಜೋಶ್ ಗಿಬ್ಸನ್‌ಗೊಂದು ಕಾರ್ಡ್

ಕೇಳುಗರಿಗೆ ನಮಸ್ಕಾರ.

ಶಾಲೆಯಲ್ಲಿ ಬುಕ್ ಕ್ರಿಕೆಟ್ ಆಡದವರು ನಮ್ಮಲ್ಲಿ ಕಡಿಮೆ. ಪುಸ್ತಕ ತೆರೆಯುವುದು, ಪುಟಸಂಖ್ಯೆಯ ಕೊನೆಯ ಅಂಕಿ ನೋಡುವುದು, ಅಷ್ಟು ರನ್. ಸೊನ್ನೆ ಬಂದರೆ ಔಟ್. ಆ ಆಟದಲ್ಲಿ ಒಂದು ಕೊರತೆ ಇತ್ತು. ಜಿ.ಆರ್. ವಿಶ್ವನಾಥ್ ಬ್ಯಾಟ್ ಮಾಡಿದರೂ ಒಂದೇ, ಬಿ.ಎಸ್. ಚಂದ್ರಶೇಖರ್ ಬ್ಯಾಟ್ ಮಾಡಿದರೂ ಒಂದೇ. ಟೆಸ್ಟ್ ಕ್ರಿಕೆಟ್‌ನಲ್ಲಿ 242 ವಿಕೆಟ್ ಕಿತ್ತ ಚಂದ್ರ ಹೊಡೆದದ್ದು ಬರೀ 167 ರನ್. ಆದರೆ ಬುಕ್ ಕ್ರಿಕೆಟ್‌ನಲ್ಲಿ ಅವರೂ ಶತಕ ಬಾರಿಸಬಹುದಿತ್ತು. ಬ್ಯಾಟ್ ಹಿಡಿದವರು ಯಾರು ಅಂತ ಪುಸ್ತಕಕ್ಕೆ ಗೊತ್ತಿರಲಿಲ್ಲ.

ಅಮೆರಿಕದ ಬೇಸ್‌ಬಾಲ್ ಪ್ರಿಯರು ಈ ಕೊರತೆಯನ್ನು ಕಾರ್ಡ್‌ಗಳಿಂದ ತುಂಬಿದರು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕಾರ್ಡ್. ಅವನು ಮೈದಾನದಲ್ಲಿ ನಿಜವಾಗಿ ಏನು ಮಾಡಿದನೋ ಅದೆಲ್ಲ ಅಂಕಿಗಳಾಗಿ ಅದರೊಳಗೆ ಕೂತಿರುತ್ತದೆ. 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ರಿಚರ್ಡ್ ಸೈಟ್ಸ್ ಇಂಥದೊಂದು ಆಟ ಮಾರತೊಡಗಿದರು. 1961ರಲ್ಲಿ ನ್ಯೂಯಾರ್ಕ್‌ನ ಹಾಲ್ ರಿಚ್‌ಮನ್ ಅವರ ಸ್ಟ್ರ್ಯಾಟ್-ಒ-ಮ್ಯಾಟಿಕ್ ಬಂತು. ಹನ್ನೊಂದನೇ ವಯಸ್ಸಿನಿಂದಲೇ ಅವರು ದಾಳ ಉರುಳಿಸಿ ಲೆಕ್ಕ ಬರೆದುಕೊಳ್ಳುತ್ತಿದ್ದರಂತೆ. ಕಂಪನಿಗಳು ಮಾಡಿದ ಕಾರ್ಡ್ ಸಾಲದೆ ಅಭಿಮಾನಿಗಳು ತಾವೇ ಮಾಡಿಕೊಳ್ಳುವುದೂ ಉಂಟು. ಹಳೇ ಕಾಲದವರಿಗೆ, ಮರೆತುಹೋದವರಿಗೆ, ಒಂದೇ ಒಂದು ದಿನ ಆಡಿದವರಿಗೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕೈಯಾರೆ ಮಾಡಿದ ಕಾರ್ಡ್‌ಗಳ ಬಗ್ಗೆ.

ಲೆಕ್ಕ ಹೇಗೆ ಅಂತ ಸ್ವಲ್ಪ ನೋಡೋಣ. ಸ್ಟ್ರ್ಯಾಟ್-ಒ-ಮ್ಯಾಟಿಕ್‌ನಲ್ಲಿ ಮೂರು ದಾಳ. ಒಂದರ ಬಣ್ಣ ಬೇರೆ. ಅದರಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡ್ ನೋಡಬೇಕು. 4, 5, 6 ಬಿದ್ದರೆ ಚೆಂಡೆಸೆಯುವ ಪಿಚರ್‌ನ ಕಾರ್ಡ್. ಆ ದಾಳದ ಅಂಕಿ ಎಷ್ಟೋ ಕಾರ್ಡ್‌ನ ಆ ಕಾಲಂ, ಉಳಿದೆರಡು ದಾಳಗಳ ಮೊತ್ತ ಎಷ್ಟೋ ಆ ಸಾಲು. ಒಟ್ಟು 216 ಸಾಧ್ಯತೆ, ಅರ್ಧ ಇವನದು, ಅರ್ಧ ಅವನದು. ಎರಡು ದಾಳದಲ್ಲಿ 7 ಬೀಳುವ ದಾರಿ ಆರು. 2 ಬೀಳುವುದಕ್ಕೆ ಒಂದೇ ದಾರಿ. ಹಾಗಾಗಿ ಹೋಮ್ ರನ್, ಅಂದರೆ ಗೋಡೆಯಾಚೆ ಹೋಗುವ ಹೊಡೆತ, ಅದನ್ನು ಯಾವ ಸಾಲಿನಲ್ಲಿ ಬರೆಯುತ್ತೇವೆ ಅನ್ನುವುದರಲ್ಲೇ ಎಲ್ಲಾ ಇದೆ.

ಟೆಡ್ ವಿಲಿಯಮ್ಸ್ ಅವರನ್ನೇ ತಗೊಳ್ಳಿ. ಬಾಸ್ಟನ್ ರೆಡ್ ಸಾಕ್ಸ್ ತಂಡದವರು, 1941ರ ಸೀಸನ್. ಬೇಸ್‌ಬಾಲ್‌ನಲ್ಲಿ ಚೆಂಡು ಹೊಡೆದು ಔಟಾಗದೆ ಬೇಸ್, ಅಂದರೆ ಓಟದ ದಾರಿಯ ನಿಲುಗಡೆ, ಮುಟ್ಟಿದರೆ ಅದು ಹಿಟ್. ಹತ್ತಕ್ಕೆ ಮೂರು ಸಲ ಹಿಟ್ ಹೊಡೆದರೆ, ಅಂದರೆ 0.300 ಸರಾಸರಿ ಇದ್ದರೆ, ಒಳ್ಳೇ ಆಟಗಾರ. ಆ ವರ್ಷ ವಿಲಿಯಮ್ಸ್ ಸರಾಸರಿ 0.406. ಆಮೇಲೆ ಮೇಜರ್ ಲೀಗ್, ಅಂದರೆ ಅಲ್ಲಿನ ಅತಿ ಮೇಲಿನ ಹಂತ, ಅಂದಾಗ ಎಲ್ಲರ ನೆನಪಿಗೆ ಬರುವ ನ್ಯಾಷನಲ್, ಅಮೆರಿಕನ್ ಅನ್ನುವ ಆ ಎರಡು ಲೀಗ್‌ಗಳಲ್ಲಿ ಯಾರೂ 0.400 ಮುಟ್ಟಿಲ್ಲ. ಸಾಧಾರಣ ಪಿಚರ್‌ನ ಕಾರ್ಡ್ 0.260ರಷ್ಟು ಕೊಡುತ್ತದೆ ಅಂದುಕೊಳ್ಳಿ. ಆಗ ವಿಲಿಯಮ್ಸ್ ಕಾರ್ಡ್ 0.550ರಷ್ಟು ಕೊಡಲೇಬೇಕು, ಎರಡರ ನಡುವೆ ನಿಜವಾದ ಸಂಖ್ಯೆ ಬರುತ್ತದೆ. 600ಕ್ಕೂ ಸ್ವಲ್ಪ ಜಾಸ್ತಿ ಸಲ ಬ್ಯಾಟ್ ಹಿಡಿದು ನಿಂತು ಅವರು 37 ಹೋಮ್ ರನ್ ಹೊಡೆದರು. 216ಕ್ಕೆ ಇಳಿಸಿದರೆ ಸುಮಾರು 13. ಅದರಲ್ಲಿ ಒಂದೆರಡು ಪಿಚರ್ ಕಾರ್ಡ್‌ನಿಂದ ಬರುತ್ತದೆ. ಉಳಿದ ಹನ್ನೊಂದಕ್ಕೆ ನಾನು ಒಂದು ಕಾಲಂನಲ್ಲಿ 7ರ ಸಾಲು, ಇನ್ನೊಂದರಲ್ಲಿ 6ರ ಸಾಲು ಹಾಕುತ್ತೇನೆ. ಆರು ಮತ್ತು ಐದು, ಸರಿಯಾಗಿ ಹನ್ನೊಂದು. ಹೀಗೆ ಒಂದೊಂದೇ ಸಾಲು ತುಂಬುತ್ತಾ ಹೋದ ಹಾಗೆ ಆ ಮನುಷ್ಯ ಎಂಥ ಆಟಗಾರ ಅಂತ ಕೈಗೆ ಗೊತ್ತಾಗುತ್ತದೆ. ಔಟ್ ಬರೆಯುವುದಕ್ಕೇ ಜಾಗ ಸಾಲುವುದಿಲ್ಲ!

ಆ ಸೀಸನ್‌ನ ಕೊನೆಯ ದಿನ, ಸೆಪ್ಟೆಂಬರ್ 28. ಬೆಳಿಗ್ಗೆ ವಿಲಿಯಮ್ಸ್ ಸರಾಸರಿ 0.39955. ಆಡದೆ ಕೂತಿದ್ದರೂ ದಾಖಲೆಯಲ್ಲಿ ಅದು 0.400 ಆಗುತ್ತಿತ್ತು. ಮ್ಯಾನೇಜರ್ ಜೋ ಕ್ರೋನಿನ್ ಬೇಕಾದರೆ ಕೂರು ಅಂದರು. ವಿಲಿಯಮ್ಸ್ ಒಪ್ಪಲಿಲ್ಲ. ಫಿಲಡೆಲ್ಫಿಯಾದಲ್ಲಿ ಅವತ್ತು ಎರಡು ಪಂದ್ಯ, ಎರಡನ್ನೂ ಆಡಿದರು. ಎಂಟಕ್ಕೆ ಆರು ಹಿಟ್. ಆಗಿನ್ನೂ ಅವರಿಗೆ 23 ವರ್ಷ.

ಆಟಗಾರನ ಕಾರ್ಡ್ ಹಾಗೆ. ಕ್ಷಣದ ಕಾರ್ಡ್ ಬೇರೆ ಥರ. ಅದರಲ್ಲಿ ಬರೆಯುವುದು ಸನ್ನಿವೇಶ ಮಾತ್ರ, ಫಲಿತಾಂಶ ದಾಳಕ್ಕೆ ಬಿಟ್ಟದ್ದು. ನನಗೆ ತುಂಬಾ ಇಷ್ಟವಾದದ್ದು 1951ರ ಅಕ್ಟೋಬರ್ 3. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್. ಜೈಂಟ್ಸ್ ಮತ್ತು ಬ್ರೂಕ್ಲಿನ್ ಡಾಡ್ಜರ್ಸ್, ಗೆದ್ದವರಿಗೆ ಲೀಗ್ ಪಟ್ಟ. ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸ್, ಡಾಡ್ಜರ್ಸ್ 4, ಜೈಂಟ್ಸ್ 2. ಒಬ್ಬ ಔಟ್. ಎರಡನೇ ಬೇಸ್‌ನಲ್ಲಿ ವೈಟಿ ಲಾಕ್‌ಮನ್. ಮೂರನೇ ಬೇಸ್‌ಗೆ ಜಾರಿ ಬಂದ ಡಾನ್ ಮ್ಯುಲ್ಲರ್ ಕಾಲು ಉಳುಕಿಸಿಕೊಂಡಿದ್ದಾರೆ, ಅವರ ಬದಲಿಗೆ ಕ್ಲಿಂಟ್ ಹಾರ್ಟಂಗ್. ಬ್ಯಾಟ್ ಹಿಡಿದವರು ಬಾಬಿ ಥಾಮ್ಸನ್. ಹಿಂದೆ ಸರದಿಗೆ ಕಾಯುತ್ತಿರುವ ಹುಡುಗ ವಿಲ್ಲಿ ಮೇಸ್, ವಯಸ್ಸು 20, ಮೊದಲ ಸೀಸನ್. ಡಾಡ್ಜರ್ಸ್ ಮ್ಯಾನೇಜರ್ ಚಾರ್ಲಿ ಡ್ರೆಸೆನ್ ಹೊಸ ಪಿಚರ್ ಕರೆದರು, ರಾಲ್ಫ್ ಬ್ರಾಂಕಾ. ಎರಡು ದಿನದ ಹಿಂದೆ ಇದೇ ಥಾಮ್ಸನ್ ಇದೇ ಬ್ರಾಂಕಾಗೆ ಹೋಮ್ ರನ್ ಹೊಡೆದಿದ್ದರು!

ಈಗ ಡ್ರೆಸೆನ್ ಜಾಗದಲ್ಲಿ ನೀವು. ಥಾಮ್ಸನ್‌ಗೆ ಬೇಕಂತಲೇ ವಾಕ್ ಕೊಟ್ಟು, ಅಂದರೆ ಹೊಡೆಯಲು ಬಿಡದೆ ಸುಮ್ನೆ ಮೊದಲ ಬೇಸ್‌ಗೆ ಕಳಿಸಿ, ಮೇಸ್‌ಗೆ ಎಸೆಯುತ್ತೀರಾ? ಆಗ ಮೂರೂ ಬೇಸ್ ತುಂಬುತ್ತವೆ. ಇಲ್ಲಾ ಎದುರಿಸುತ್ತೀರಾ? ಥಾಮ್ಸನ್ ಆ ವರ್ಷ 32 ಹೋಮ್ ರನ್ ಹೊಡೆದವರು. ಇಪ್ಪತ್ತು ಸಲ ಉರುಳಿಸಿದರೆ ಒಂದು ಸಲ ಹೋಮ್ ರನ್ ಬಿದ್ದೀತು. ಬಹಳ ಸಲ ಅದು ಸುಮ್ನೆ ಒಂದು ಕ್ಯಾಚ್ ಆಗಿ ಮುಗಿಯುತ್ತದೆ, ಡಾಡ್ಜರ್ಸ್ ಗೆಲ್ಲುತ್ತಾರೆ, ಥಾಮ್ಸನ್ ಹೆಸರು ಯಾರಿಗೂ ನೆನಪಿರುವುದಿಲ್ಲ. ನಿಜವಾಗಿ ನಡೆದದ್ದು ಆ ಇಪ್ಪತ್ತರಲ್ಲಿ ಒಂದು. ಎರಡನೇ ಎಸೆತ ಎಡಗಡೆಯ ಗೋಡೆ ದಾಟಿತು, ಬೇಸ್‌ನಲ್ಲಿದ್ದ ಇಬ್ಬರೂ ಸೇರಿ ಮೂರು ರನ್, 5-4. ಸೆಂಟರ್ ಫೀಲ್ಡ್ ಹಿಂದಿನ ಕೋಣೆಯಿಂದ ದುರ್ಬೀನು ಹಿಡಿದು ಜೈಂಟ್ಸ್, ಯಾವ ಚೆಂಡು ಎಸೆಯಬೇಕೆಂದು ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಮಾಡುವ ಸನ್ನೆ ಕದಿಯುತ್ತಿದ್ದರು ಅನ್ನುವ ಸುದ್ದಿ 2001ರಲ್ಲಿ ವಿವರವಾಗಿ ಹೊರಬಂತು. ಅದನ್ನು ಹಾಕುವುದಕ್ಕೆ ಕಾರ್ಡ್‌ನಲ್ಲಿ ಯಾವ ಸಾಲೂ ಇಲ್ಲ.

ಬೇರೆ ಬೇರೆ ಕಾಲದವರನ್ನು ಒಂದೇ ಮೇಜಿಗೆ ತರುವಾಗ ಇನ್ನೊಂದು ತೊಡಕು ಬರುತ್ತದೆ. 1930ರಲ್ಲಿ ನ್ಯಾಷನಲ್ ಲೀಗ್‌ನ ಎಲ್ಲಾ ಆಟಗಾರರ ಒಟ್ಟು ಸರಾಸರಿಯೇ 0.303. 1968ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದ ಕಾರ್ಲ್ ಯಸ್ಟ್ರೆಮ್‌ಸ್ಕಿ ಸರಾಸರಿ 0.301. ಹಾಗಂತ ಯಸ್ಟ್ರೆಮ್‌ಸ್ಕಿ 1930ರ ಸಾಮಾನ್ಯ ಆಟಗಾರನಿಗೆ ಸಮವೇ? ಖಂಡಿತ ಅಲ್ಲ. 1968 ಪಿಚರ್‌ಗಳ ವರ್ಷ. ಸೇಂಟ್ ಲೂಯಿಸ್‌ನ ಬಾಬ್ ಗಿಬ್ಸನ್ ಆ ವರ್ಷ ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದು ಬಿಟ್ಟರೆ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.12 ರನ್ ಮಾತ್ರ ಕೊಟ್ಟರು. 13 ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ರನ್ ಇಲ್ಲ. ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಹಾಗಾಗಿ ಆಟಗಾರನನ್ನು ಅವನ ಕಾಲದ ಜೊತೆಗಾರರ ಪಕ್ಕದಲ್ಲಿಟ್ಟು ಅಳೆಯಬೇಕು. ಬರೀ ಸಂಖ್ಯೆ ನಕಲು ಮಾಡಿದರೆ ಅದು ಅನ್ಯಾಯ.

ಇನ್ನು ಜಾನ್ ಪಚೋರೆಕ್. 1963ರ ಸೆಪ್ಟೆಂಬರ್ 29, ಹ್ಯೂಸ್ಟನ್ ತಂಡದ ಆ ಸೀಸನ್‌ನ ಕೊನೆಯ ಪಂದ್ಯ. ಹುಡುಗನಿಗೆ 18 ವರ್ಷ. ಐದು ಸಲ ಬ್ಯಾಟ್ ಹಿಡಿದ. ಮೂರು ಹಿಟ್, ಎರಡು ವಾಕ್, ನಾಲ್ಕು ರನ್. ಒಂದು ಸಲವೂ ಔಟ್ ಆಗಲಿಲ್ಲ. ಆಮೇಲೆ ಬೆನ್ನಿನ ತೊಂದರೆ, ಶಸ್ತ್ರಚಿಕಿತ್ಸೆ. ಮೇಜರ್ ಲೀಗ್‌ಗೆ ಮತ್ತೆ ಬರಲೇ ಇಲ್ಲ. ಸರಾಸರಿ 1.000. ಇದ್ದದ್ದು ಇದ್ದ ಹಾಗೆ ಬರೆದರೆ ಅವನ ಕಾರ್ಡ್‌ನಲ್ಲಿ ಔಟ್ ಅನ್ನುವ ಪದವೇ ಇರಬಾರದು. ಕೆಲವರು ಅವನ ಕೆಳಹಂತದ ಲೀಗ್‌ನ ಅಂಕಿಗಳನ್ನು ಬೆರೆಸಿ ಹದ ಮಾಡುತ್ತಾರೆ. ನನಗದು ಒಪ್ಪಿಗೆ ಇಲ್ಲ. ಆ ಕಾರ್ಡ್ ಹಾಗೇ ಇರಲಿ, ಆದರೆ ಒಂದೇ ಪಂದ್ಯಕ್ಕೆ. ಆಡಿಸಿ ಎತ್ತಿಡಬೇಕು.

ಈಗ ನಾನು ಹೇಳಲೇಬೇಕಾದ ವಿಷಯ. ಮೇಜರ್ ಲೀಗ್‌ಗಳು ದಶಕಗಳ ಕಾಲ ಕಪ್ಪು ಆಟಗಾರರನ್ನು ಒಳಗೆ ಬಿಡಲಿಲ್ಲ. ಅವರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಅವರಲ್ಲಿ ಜೋಶ್ ಗಿಬ್ಸನ್ ಅನ್ನುವ ಕ್ಯಾಚರ್, ಆ ಕಾಲದ ಅತಿ ದೊಡ್ಡ ಹೊಡೆತಗಾರ. 1947ರ ಜನವರಿಯಲ್ಲಿ ತೀರಿಕೊಂಡರು, ವಯಸ್ಸು 35. ಮೂರು ತಿಂಗಳು ಕಳೆದು ಏಪ್ರಿಲ್ 15ಕ್ಕೆ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಪರ ಮೈದಾನಕ್ಕಿಳಿದರು. ಬರೀ ಮೂರು ತಿಂಗಳು!

ಗಿಬ್ಸನ್‌ಗೆ ಕಾರ್ಡ್ ಮಾಡೋಣ ಅಂದರೆ ಅಂಕಿಗಳೆಲ್ಲಿ? ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳ ಹಳೇ ಪುಟಗಳಲ್ಲಿ ಚೆದುರಿಹೋಗಿದ್ದವು. ಸಂಶೋಧಕರು ವರ್ಷಗಟ್ಟಲೆ ಕೂತು ಒಂದೊಂದೇ ಪಂದ್ಯದ ಸ್ಕೋರ್ ಹೆಕ್ಕಿದರು. 2009ರಲ್ಲಿ ಸ್ಟ್ರ್ಯಾಟ್-ಒ-ಮ್ಯಾಟಿಕ್ ನೀಗ್ರೋ ಲೀಗ್ ಆಟಗಾರರ ಕಾರ್ಡ್‌ಗಳ ಒಂದು ಸೆಟ್ ತಂದಿತು. ಈ ಲೀಗ್‌ಗಳೂ ಮೇಜರ್ ಲೀಗ್ ಅಂತ ಅಧಿಕೃತವಾಗಿ ಘೋಷಣೆಯಾದದ್ದು ಆಮೇಲೆ, 2020ರಲ್ಲಿ. 2024ರ ಮೇ ತಿಂಗಳಲ್ಲಿ ಅಂಕಿಗಳೂ ದಾಖಲೆಗೆ ಸೇರಿದವು. ಗಿಬ್ಸನ್ ಜೀವನದ ಸರಾಸರಿ 0.372. ಟೈ ಕಾಬ್ ಹೆಸರಲ್ಲಿದ್ದ 0.367 ಎರಡನೇ ಸ್ಥಾನಕ್ಕಿಳಿಯಿತು. 1943ರ ಸೀಸನ್‌ನಲ್ಲಿ ಗಿಬ್ಸನ್ ಸರಾಸರಿ 0.466.

ಇದಕ್ಕಾಗಿಯೇ ನನಗೆ ಈ ಕಾರ್ಡ್‌ಗಳ ಮೇಲೆ ಇಷ್ಟು ಪ್ರೀತಿ. 1943ರ ಜೋಶ್ ಗಿಬ್ಸನ್ ಎದುರು 1968ರ ಬಾಬ್ ಗಿಬ್ಸನ್ ಚೆಂಡೆಸೆಯುತ್ತಾರೆ. ಹೆಸರೊಂದೇ, ನೆಂಟಸ್ತಿಕೆ ಇಲ್ಲ. ಒಬ್ಬರು ತೀರಿಕೊಂಡು ಹನ್ನೆರಡು ವರ್ಷಕ್ಕೆ ಇನ್ನೊಬ್ಬರು ಮೇಜರ್ ಲೀಗ್‌ಗೆ ಬಂದರು. ಜೋಶ್‌ಗೆ ಸಿಗದೇ ಹೋದ ಆ ಮೈದಾನ ಮೇಜಿನ ಮೇಲೆ ಸಿಗುತ್ತದೆ. ಕೆಲವು ಸಲ ಬಾಬ್ ಗೆಲ್ಲುತ್ತಾರೆ, ಕೆಲವು ಸಲ ಜೋಶ್ ಚೆಂಡನ್ನು ಗೋಡೆಯಾಚೆ ಕಳಿಸುತ್ತಾರೆ.

ಮುಂದೆ ನಾನು ಬರೆಯಬೇಕಾದದ್ದು ಸ್ಯಾಚೆಲ್ ಪೇಜ್ ಕಾರ್ಡ್. ನೀಗ್ರೋ ಲೀಗ್‌ಗಳ ಮಹಾ ಪಿಚರ್. ಮೇಜರ್ ಲೀಗ್ ಬಾಗಿಲು ಅವರಿಗೆ ತೆರೆದಾಗ ವಯಸ್ಸು 42. 1948ರಲ್ಲಿ ಕ್ಲೀವ್‌ಲ್ಯಾಂಡ್ ಪರ ಆರು ಪಂದ್ಯ ಗೆದ್ದರು, ಸೋತದ್ದು ಒಂದೇ. ಎಲ್ಲರೂ ಆ ವರ್ಷದ ಕಾರ್ಡ್ ಮಾಡುತ್ತಾರೆ. ನಾನು ಆರಿಸಿಕೊಂಡಿರುವುದು 1965ರ ಸೆಪ್ಟೆಂಬರ್ 25. ಕ್ಯಾನ್ಸಸ್ ಸಿಟಿ ಪರ ಒಂದೇ ಸಂಜೆ, 59ನೇ ವಯಸ್ಸಿನಲ್ಲಿ. ಮೂರು ಇನಿಂಗ್ಸ್, ಒಂದೂ ರನ್ ಇಲ್ಲ, ಕೊಟ್ಟದ್ದು ಒಂದೇ ಹಿಟ್. ಹೊಡೆದವರು ಯಸ್ಟ್ರೆಮ್‌ಸ್ಕಿ, ಎರಡು ಬೇಸ್‌ನ ಹೊಡೆತ. ಅದನ್ನು 12ರ ಸಾಲಿಗೆ ಹಾಕಿದ್ದೇನೆ. ಉಳಿದದ್ದೆಲ್ಲ ಔಟ್.

ನಮಸ್ಕಾರ.