ಠೇವಣಿಯ ತಾಯಿ, ಸಾಲದ ಮಗ

ಕೇಳುಗರೇ, ನಮಸ್ಕಾರ.

ನಾನು ಬ್ಯಾಂಕಿನಲ್ಲಿದ್ದವನು. ನಿವೃತ್ತಿ ಆದ ಮೇಲೆ ಮಂಡ್ಯದಲ್ಲೇ ಇದ್ದೇನೆ. ಈಗಲೂ ಬೆಳಗ್ಗೆ ಕಾಫಿ ಹೊತ್ತಿಗೆ ಯಾರಾದರೂ ಪಾಸ್‌ಬುಕ್ ಹಿಡಿದು ಬಾಗಿಲಿಗೆ ಬರುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಬೀದಿಯ ಅವ್ವ ಒಬ್ಬರು ಮಗನ ಜೊತೆ ಬಂದರು. ಕೈಯಲ್ಲಿ ಎರಡು ಎಫ್‌ಡಿ ಬಾಂಡು. ಹಳೇದರಲ್ಲಿ 5 ಲಕ್ಷಕ್ಕೆ ಏಳೂವರೆ ಪರ್ಸೆಂಟ್ ಬಡ್ಡಿ. ಹೊಸದರಲ್ಲಿ ಆರೂಮುಕ್ಕಾಲು. ವರ್ಷಕ್ಕೆ 37,500 ಬರುತ್ತಿದ್ದದ್ದು 33,750ಕ್ಕೆ ಇಳಿದಿತ್ತು. ತಿಂಗಳಿಗೆ 312 ರೂಪಾಯಿ ಕಮ್ಮಿ. ಅವರ ಬಿ.ಪಿ. ಮಾತ್ರೆಯ ದುಡ್ಡು ಅದು.

ಮಗನ ಮೊಬೈಲಿಗೆ ಅದೇ ವಾರ ಮನೆ ಸಾಲದ ಬಡ್ಡಿ ಇಳಿದಿದೆ ಅಂತ ಮೆಸೇಜು ಬಂದಿತ್ತು. ತಾಯಿಯ ಎದುರು ಅದನ್ನು ಹೇಳಿಕೊಳ್ಳಲು ಅವನಿಗೆ ಸಂಕೋಚ.

ಅವ್ವ ನೇರವಾಗಿ ಕೇಳಿದರು: "ಅಲ್ಲ ಕಣಪ್ಪ, ನೋಟು ಮೈಸೂರಲ್ಲೇ ಅಚ್ಚು ಹಾಕ್ತಾರಂತೆ. ಬ್ಯಾಂಕ್ನೋರಿಗೆ ದುಡ್ಡಿಗೇನ್ ಬರ? ನನ್ನ ಬಡ್ಡೀಲಿ ಯಾಕೆ ಹಿಡೀಬೇಕು?"

ಒಳ್ಳೆಯ ಪ್ರಶ್ನೆ. ನೋಟು ಮೈಸೂರಿನಲ್ಲಿ ಅಚ್ಚಾಗುವುದು ನಿಜ. ಆದರೆ ಅದು ರಿಸರ್ವ್ ಬ್ಯಾಂಕಿನ ನೋಟು. ನಮ್ಮ ಬೀದಿಯ ಬ್ಯಾಂಕಿಗೆ ಅದು ಪುಕ್ಕಟೆ ಸಿಗುವುದಿಲ್ಲ. ಬ್ಯಾಂಕಿನ ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲು ಈ ಅವ್ವನಂಥವರ ಠೇವಣಿಯೇ. ಅವರು 100 ರೂಪಾಯಿ ಇಟ್ಟರೆ ಅದರಲ್ಲಿ 3 ರೂಪಾಯಿ ರಿಸರ್ವ್ ಬ್ಯಾಂಕಿನಲ್ಲಿ ಇರಬೇಕು. ಅದಕ್ಕೆ ಬಡ್ಡಿ ಇಲ್ಲ. ಇದು ಸಿಆರ್‌ಆರ್, ಅಂದರೆ ನಗದು ಮೀಸಲು. 2025ರ ಕೊನೆಗೆ 4ರಿಂದ 3ಕ್ಕೆ ಇಳಿಯಿತು. ಇನ್ನು 18 ರೂಪಾಯಿಯ ಹೆಚ್ಚಿನ ಪಾಲು ಸರ್ಕಾರದ ಸಾಲಪತ್ರಕ್ಕೆ ಹೋಗುತ್ತದೆ. ಉಳಿದ 79ರಲ್ಲಿ ಮಗನ ಮನೆ ಸಾಲ, ಆಲೆಮನೆಯವರ ಸಾಲ, ಅಂಗಡಿಯವರ ಸಾಲ ಎಲ್ಲ ನಡೆಯಬೇಕು. ತಾಯಿಗೆ ಕೊಡುವ ಬಡ್ಡಿ ಮಗನ ಕೈಯಿಂದ ಬರುತ್ತದೆ ಅಂದರೆ ತಪ್ಪಲ್ಲ.

ಒಂದು ದಿನದ ಮಟ್ಟಿಗೆ ದುಡ್ಡು ಸಾಲದಿದ್ದರೆ ಬ್ಯಾಂಕು ಸಾಲಪತ್ರ ಒತ್ತೆ ಇಟ್ಟು ರಿಸರ್ವ್ ಬ್ಯಾಂಕಿನಿಂದ ಕೈಗಡ ತರುತ್ತದೆ. ಆ ಕೈಗಡದ ಬಡ್ಡಿಯೇ ರೆಪೊ ದರ. ಅದನ್ನು ನಿರ್ಧರಿಸುವುದು 2016ರಿಂದ ಆರು ಜನರ ಹಣಕಾಸು ನೀತಿ ಸಮಿತಿ. ಬೆಲೆ ಏರಿಕೆ ನೂರಕ್ಕೆ 4ರ ಆಸುಪಾಸಿನಲ್ಲಿ, ಹೆಚ್ಚೆಂದರೆ 6ರ ಒಳಗೆ ಇರಬೇಕು ಅನ್ನುವುದು ಅವರ ಮೇಲಿರುವ ಹೊಣೆ. 2022ರ ಏಪ್ರಿಲ್‌ನಲ್ಲಿ ಅದು 7.79ಕ್ಕೆ ಹೋಗಿತ್ತು. ಆಗ ರೆಪೊ ದರ 4 ಇತ್ತು. ಮೇ ತಿಂಗಳಿಂದ ಏರಿಸುತ್ತಾ ಹೋಗಿ 2023ರ ಫೆಬ್ರವರಿಗೆ ಆರೂವರೆ ಮಾಡಿದರು. ಬಡ್ಡಿ ಜಾಸ್ತಿಯಾದರೆ ಜನ ಸಾಲ ಮಾಡಿ ಕೊಳ್ಳುವುದು ಕಡಿಮೆಯಾಗುತ್ತದೆ, ಬೆಲೆ ತಣ್ಣಗಾಗುತ್ತದೆ ಅನ್ನುವ ಲೆಕ್ಕ. ಮುಂದೆ ಬೆಲೆ ಏರುವ ವೇಗ ಇಳಿಯಿತು. 2025ರಲ್ಲಿ ನಾಲ್ಕು ಸಲ ಕಡಿಮೆ ಮಾಡಿ ರೆಪೊ ದರವನ್ನು ಐದೂಕಾಲಿಗೆ ತಂದರು.

2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಬದಲಾಗುವ ಬಡ್ಡಿಯಲ್ಲಿ ಕೊಟ್ಟ ಮನೆ ಸಾಲಗಳು ಹೊರಗಿನ ಒಂದು ದರಕ್ಕೆ, ಹೆಚ್ಚಿನವು ಈ ರೆಪೊಗೇ, ಕಟ್ಟಿಕೊಂಡಿವೆ. ಮೂರು ತಿಂಗಳೊಳಗೆ ಇಳಿಕೆ ಮಗನಿಗೆ ಸಿಗುತ್ತದೆ. ಆದರೆ ತಾಯಿಯ ಠೇವಣಿಗೆ ಅವಧಿ ಮುಗಿಯುವವರೆಗೆ ಹಳೇ ಬಡ್ಡಿಯನ್ನೇ ಕೊಡಬೇಕು. ಈ ನಡುವಿನ ಕಾಲದಲ್ಲಿ ಬ್ಯಾಂಕಿನ ಲಾಭಕ್ಕೆ ಪೆಟ್ಟು. ಅದಕ್ಕೇ ಹೊಸ ಠೇವಣಿಯ ಬಡ್ಡಿಯನ್ನು ಬೇಗ ಇಳಿಸಲು ನೋಡುತ್ತಾರೆ. ತೀರಾ ಇಳಿಸಿದರೆ ಜನ ದುಡ್ಡು ತೆಗೆದು ಮ್ಯೂಚುವಲ್ ಫಂಡಿಗೋ ಚಿನ್ನಕ್ಕೋ ಹಾಕುತ್ತಾರೆ. ಆ ಭಯವೂ ಇದೆ.

ನನಗೆ ಹೆಚ್ಚು ಚಿಂತೆ ಬಡ್ಡಿ ಏರುವ ಕಾಲದ್ದು. ಆಗ ಕಂತು ಬದಲಾಗಲಿಲ್ಲ ಅಂತ ಎಷ್ಟೋ ಜನ ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ, ನಿಧಾನವಾಗಿ ಕೇಳಿ. 25 ಲಕ್ಷ ಸಾಲ, 20 ವರ್ಷ, 7 ಪರ್ಸೆಂಟ್. ಕಂತು 19,382 ರೂಪಾಯಿ. ಒಂದು ವರ್ಷ ಕಟ್ಟಿದಿರಿ. ಅಸಲು ಹತ್ತಿರ ಹತ್ತಿರ 60 ಸಾವಿರ ತೀರಿತು. ಆಮೇಲೆ ಬಡ್ಡಿ ಒಂಬತ್ತೂವರೆಗೆ ಏರಿತು, ಕಂತು ಅಷ್ಟೇ ಉಳಿಯಿತು ಅಂತ ಇಟ್ಟುಕೊಳ್ಳಿ. ಮುಂದಿನ ತಿಂಗಳ ಬಡ್ಡಿಯೇ 19,320 ಆಗುತ್ತದೆ. ಅಸಲಿಗೆ ಹೋಗುವುದು ಬರೀ ಅರವತ್ತು ಚಿಲ್ಲರೆ ರೂಪಾಯಿ! ಹೀಗೇ ಬಿಟ್ಟರೆ ಸಾಲ ತೀರಲು ಇನ್ನೂ 60 ವರ್ಷ ಬೇಕು. ಅಷ್ಟು ದೂರ ಯಾವ ಬ್ಯಾಂಕೂ ಬಿಡುವುದಿಲ್ಲ, ಒಂದು ಹಂತದಲ್ಲಿ ಕಂತು ಏರಿಸುತ್ತದೆ. ಆದರೆ ಅಲ್ಲಿಯವರೆಗೆ ನೀವು ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿರುತ್ತದೆ ಅಲ್ವಾ?

ಇದಕ್ಕೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಒಂದು ಆದೇಶ ಮಾಡಿತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ ಅಂತ ಬ್ಯಾಂಕು ಸಾಲಗಾರನನ್ನು ಕೇಳಬೇಕು. ಒಪ್ಪಿಗೆ ನಿಮ್ಮದು. ಸುಮ್ನೆ ಕೂರಬೇಡಿ, ಬ್ಯಾಂಕಿಗೆ ಹೋಗಿ ಕೇಳಿ: "ಇವತ್ತಿಗೆ ನನ್ನ ಸಾಲದಲ್ಲಿ ಎಷ್ಟು ಕಂತು ಬಾಕಿ ಇದೆ?"

ನಮ್ಮ ಹಳ್ಳಿಗಳಲ್ಲಿ ರೆಪೊ ದರ ಮುಟ್ಟದ ಸಾಲ ಒಂದಿದೆ. ಕೈಸಾಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 24 ಪರ್ಸೆಂಟ್. ಮುಂಬೈಯಲ್ಲಿ ರಿಸರ್ವ್ ಬ್ಯಾಂಕು ಎಷ್ಟೇ ಇಳಿಸಿದರೂ ಅದು ಜಗ್ಗುವುದಿಲ್ಲ. ಬೆಳೆ ಸಾಲವನ್ನು ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ತೆಗೆದು ಗಡುವಿನೊಳಗೆ ಕಟ್ಟುವ ರೈತನಿಗೆ ಸರ್ಕಾರದ ನೆರವು ಸೇರಿ ಬಡ್ಡಿ ಇದರ ಆರನೇ ಒಂದು ಪಾಲಿಗಿಂತ ಹೆಚ್ಚು ಬೀಳದೆ ಇರಬಹುದು. ಒಂದೆರಡು ದಿನ ಓಡಾಡಿದರೂ ಪರವಾಗಿಲ್ಲ.

ಅವ್ವನಿಗೆ ಇನ್ನೊಂದು ಮಾತು ಹೇಳಿದೆ. ಜಾಸ್ತಿ ಬಡ್ಡಿ ಅಂತ ಯಾರೋ ಹೇಳಿದ ಕಡೆ ಎಲ್ಲ ದುಡ್ಡು ಹಾಕಬೇಡಿ. ಠೇವಣಿಗೆ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ ಮಾತ್ರ. ಮುಂದೆ ದುಡ್ಡನ್ನು ಎರಡು ಪಾಲು ಮಾಡಿ, ಒಂದು ವರ್ಷಕ್ಕೆ ಒಂದು, ಮೂರು ವರ್ಷಕ್ಕೆ ಒಂದು ಇಡಿ. ಎಲ್ಲ ಒಂದೇ ದಿನ ಕಮ್ಮಿ ಬಡ್ಡಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮಗ ಮಾರನೇ ದಿನ ಬ್ಯಾಂಕಿಗೆ ಹೋಗಿದ್ದ. "ಕಂತು ಹಾಗೇ ಇರಲಿ, ವರ್ಷ ಕಮ್ಮಿ ಮಾಡಿ" ಅಂತ ಬರೆದುಕೊಟ್ಟು ಬಂದನಂತೆ. ಸಂಜೆ ಹೊಸ ಕಂತಿನ ಪಟ್ಟಿ ತಂದು ನನಗೆ ತೋರಿಸಿದ. ಕೊನೆಯ ಸಾಲಿನಲ್ಲಿದ್ದ ತಾರೀಖಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದ.

ನಮಸ್ಕಾರ.