ಡರ್ಬನ್‌ಗೆ ಹೋದರೆ ಇನಾಂಡಾ ನೋಡಿ

ಕೇಳುಗರಿಗೆ ನಮಸ್ಕಾರ. ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೋದವರು ಜಾಸ್ತಿ ನೋಡುವುದು ಕಡಲತೀರವನ್ನೇ. ಒಂದು ದಿನ ಉಳಿಸಿಕೊಳ್ಳಿ, ಇನಾಂಡಾಗೆ ಹೋಗಿ ಬನ್ನಿ.

ಊರಿನಿಂದ ವಾಯವ್ಯಕ್ಕೆ ಹೊರಟರೆ ಗುಡ್ಡದ ತುಂಬ ಒತ್ತೊತ್ತಾಗಿ ಮನೆಗಳು ಕಾಣುತ್ತವೆ. ಅದೇ ಇನಾಂಡಾ. ಪಕ್ಕದಲ್ಲಿ ಕ್ವಾಮಾಶು, ಇನ್ನೊಂದು ಕಡೆ ಫೀನಿಕ್ಸ್. ವರ್ಣಭೇದದ ಸರ್ಕಾರ ಡರ್ಬನ್ನಿನ ಬಡಾವಣೆಯಾದ ಕೇಟೋ ಮ್ಯಾನರ್‌ನಲ್ಲಿದ್ದ ಆಫ್ರಿಕನ್ನರನ್ನು ಎಬ್ಬಿಸಿ ಕ್ವಾಮಾಶುಗೆ ಸಾಗಿಸಿತು. ಭಾರತೀಯರಿಗೆಂದು ಫೀನಿಕ್ಸ್ ಟೌನ್‌ಶಿಪ್ ಕಟ್ಟಿತು. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು ಇಲ್ಲಿ ಆಫ್ರಿಕನ್ನರೂ ಭಾರತೀಯರೂ ಅಕ್ಕಪಕ್ಕದಲ್ಲೇ ಬಾಳಿದ್ದರು.

ಮೊದಲು ಗಾಂಧೀಜಿಯ ಫೀನಿಕ್ಸ್ ಆಶ್ರಮಕ್ಕೆ ಹೋಗಿ. 1904ರಲ್ಲಿ ಅವರು ಇಲ್ಲಿ ಜಮೀನು ಕೊಂಡು, ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಮುದ್ರಣಾಲಯವನ್ನು ತಂದರು. ಅಚ್ಚು ಜೋಡಿಸುವವರೇ ಹೊಲದಲ್ಲೂ ದುಡಿಯಬೇಕಿತ್ತು. 1985ರ ಗಲಭೆಯಲ್ಲಿ ಗಾಂಧೀಜಿಯ ಮನೆ ಸುಟ್ಟುಹೋಯಿತು. ಈಗ ನೀವು ನೋಡುವುದು ಆಮೇಲೆ ಮತ್ತೆ ಕಟ್ಟಿದ ಮನೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಓಹ್ಲಾಂಗೆ ಶಾಲೆ. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಆಫ್ರಿಕನ್ ಮಕ್ಕಳು ಓದಿನ ಜೊತೆಗೆ ಕಸುಬನ್ನೂ ಕಲಿಯಲಿ ಅಂತ ಜಾನ್ ಡ್ಯೂಬೆ ಕಟ್ಟಿದ ಶಾಲೆ ಇದು. ಜುಲು ಪತ್ರಿಕೆ ‘ಇಲಾಂಗಾ’ ಶುರು ಮಾಡಿದವರೂ ಅವರೇ. 1912ರಲ್ಲಿ, ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ನೆಲ್ಸನ್ ಮಂಡೇಲಾ ಅವರ ಪಕ್ಷ, ಆದ ಸಂಘಟನೆಗೆ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಗೋಪಾಲಕೃಷ್ಣ ಗೋಖಲೆಯವರು ಈ ಶಾಲೆಗೆ ಬಂದಿದ್ದರು.

1994ರ ಏಪ್ರಿಲ್ 27ರಂದು ನೆಲ್ಸನ್ ಮಂಡೇಲಾ ತಮ್ಮ ಬದುಕಿನ ಮೊದಲ ಓಟು ಹಾಕಿದ್ದು ಇದೇ ಶಾಲೆಯಲ್ಲಿ. ಆಗ ಅವರಿಗೆ 75 ವರ್ಷ! ದೇಶದಲ್ಲಿ ಎಲ್ಲಿ ಬೇಕಾದರೂ ಓಟು ಹಾಕಬಹುದಿತ್ತು, ಅಲ್ವಾ? ಡ್ಯೂಬೆ ಅವರ ಸಮಾಧಿ ಇರುವ ಜಾಗವನ್ನೇ ಆರಿಸಿಕೊಂಡರು. ಸಮಾಧಿಯ ಮುಂದೆ ನಿಂತು, ‘ಅಧ್ಯಕ್ಷರೇ, ದಕ್ಷಿಣ ಆಫ್ರಿಕಾಕ್ಕೆ ಸ್ವಾತಂತ್ರ್ಯ ಬಂದಿದೆ’ ಅಂತ ವರದಿ ಒಪ್ಪಿಸಿದರು. ಈ ಮಾತು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಧರ್ಮಗುರು ಇಸಾಯಾ ಶೆಂಬೆ ಕಟ್ಟಿದ ಪುಣ್ಯಕ್ಷೇತ್ರ ಎಕುಫಕಮೇನಿಯೂ ಇನಾಂಡಾದಲ್ಲೇ ಇದೆ. ಅವರು ಸ್ಥಾಪಿಸಿದ ನಜರೇತ್ ಎಂಬ ಆಫ್ರಿಕನ್ ಕ್ರೈಸ್ತ ಪಂಥದ ಭಕ್ತರು ಬಿಳಿ ಬಟ್ಟೆ ತೊಟ್ಟು ಪ್ರಾರ್ಥನೆ ಮಾಡುತ್ತಾರೆ. ನೃತ್ಯವೂ ಅವರಿಗೆ ಪೂಜೆಯೇ. ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡಿ.

ಹಗಲು ಹೊತ್ತಿನಲ್ಲೇ ಹೋಗಿ. ಜೊತೆಗೆ ಅಲ್ಲಿನವರೇ ಆದ ಗೈಡ್ ಇರಲಿ. ದಾರಿ ಸಲೀಸಾಗುತ್ತದೆ, ದುಡ್ಡೂ ಆ ಊರಲ್ಲೇ ಉಳಿಯುತ್ತದೆ. ಬಡವರ ಮನೆ ಮುಂದೆ ಸುಮ್ನೆ ಫೋಟೊ ತೆಗೆಯಬೇಡಿ, ಮೊದಲು ಕೇಳಿ. ಸಮಯ ಉಳಿದರೆ ಉಮ್ಗೇನಿ ನದಿಯ ಇನಾಂಡಾ ಅಣೆಕಟ್ಟು ನೋಡಿ. ಡರ್ಬನ್‌ಗೆ ವಾಪಸ್ ಬಂದ ಮೇಲೆ ‘ಬನ್ನಿ ಚೌ’ ಅನ್ನುವ ತಿಂಡಿ ತಿನ್ನಿ. ಬ್ರೆಡ್ಡಿನ ಒಳಭಾಗ ತೆಗೆದು ಬಿಸಿ ಸಾರು ತುಂಬಿ ಕೊಡುತ್ತಾರೆ. ಬೀನ್ಸ್ ಕಾಳಿನದು ಕೇಳಿದರೆ ಸಸ್ಯಾಹಾರಿಗಳಿಗೂ ಸಿಗುತ್ತದೆ. ನಮಸ್ಕಾರ.